ಮೊಣಕೈ ಆಳದ ಬಿರುಕು

ಗ್ಲ್ಯಾಡಿಸ್ ಟೀಚರ್ ಶಿರ್ವದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದರು. ದೇಶದ ನಟ್ಟನಡುವಿನ ನರ್ಮದೆಯ ಬಯಲು, ಅಲ್ಲಿಯ ಗೋಧಿ, ಬೇಸಿಗೆಗೆ ಬಿರಿಯುವ ಕಪ್ಪು ಮಣ್ಣು, ಎಲ್ಲವೂ ಅವರಿಗೆ ಬಾಯಿಪಾಠ. ನಿವೃತ್ತಿಯ ವರ್ಷ ಮೆಲಿಷಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳು: "ಆ ಬಿರುಕು ಎಷ್ಟು ಆಳ ಉಂಟು ಟೀಚರ್? ನೀವು ನೋಡಿದ್ದೀರಾ?"

"ಇಲ್ಲ," ಎಂದರು ಗ್ಲ್ಯಾಡಿಸ್. ಆ ಉತ್ತರ ಅವರನ್ನು ಕೊರೆಯತೊಡಗಿತು.

ಏಪ್ರಿಲ್‌ನಲ್ಲಿ ಆ ಬಿರುಕು ನೋಡಲು ಹೊರಟರು, ಗಂಡ ಮೌರಿಸರನ್ನೂ ಹೊರಡಿಸಿದರು. ಮೌರಿಸ್ ಇಪ್ಪತ್ತು ವರ್ಷ ಕುವೈತಿನಲ್ಲಿ ದುಡಿದವರು. "ಬಿಸಿಲು ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ ಮಾರಾಯ್ತಿ? ಅಲ್ಲಿ ಎಂತ ಉಂಟು?" ಎಂದು ದಾರಿಯುದ್ದಕ್ಕೂ ಗೊಣಗಿದರು.

ಉಡುಪಿಯಲ್ಲಿ ಹತ್ತಿದ ರೈಲು ಒಂದು ದಿನಕ್ಕೂ ಮಿಕ್ಕಿ ಓಡಿ ಅವರನ್ನು ಇಟಾರ್ಸಿಯಲ್ಲಿ ಇಳಿಸಿತು. ಊರು ದಾಟಿದ ಮೇಲೆ ಗ್ಲ್ಯಾಡಿಸ್ ಆಟೊ ನಿಲ್ಲಿಸಿ, ಗೋಧಿ ಕೊಯ್ದಿದ್ದ ಹೊಲಕ್ಕಿಳಿದರು. ಕಣ್ಣಿಗೆ ಅಡ್ಡ ಬರಲು ಒಂದು ತೆಂಗಿನಮರವೂ ಇರಲಿಲ್ಲ. ಮಂಡಿಯೂರಿ ಬಿರುಕಿಗೆ ಕೈ ಹಾಕಿದರು. ಮೊಣಕೈವರೆಗೂ ಇಳಿಯಿತು. ಒಳಗೆ ಮಣ್ಣು ತಂಪಾಗಿತ್ತು.

ಪಕ್ಕದ ಹೊಲದ ಫೂಲ್ವತಿ ಎಂಬ ಹೆಂಗಸು ಕೋಲು ಹಿಡಿದು ಓಡಿಬಂದಳು. "ಏನು ಬಿತ್ತಮ್ಮ, ಉಂಗುರವೇ?" ಎಂದು ಹಿಂದಿಯಲ್ಲಿ ಕೇಳಿದಳು.

"ಏನೂ ಬಿದ್ದಿಲ್ಲ. ಇದರ ಬಗ್ಗೆ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ನೋಡಲು ಬಂದೆ," ಎಂದರು ಗ್ಲ್ಯಾಡಿಸ್, ತಡವರಿಸುತ್ತ.

ಫೂಲ್ವತಿ ನಕ್ಕೂ ನಕ್ಕೂ ನೆಲದಲ್ಲೇ ಕೂತಳು. "ನಿಮ್ಮ ಕಡೆ ಬಿರಿಯುವುದಿಲ್ಲವೇ?"

"ಇಲ್ಲ. ಕೆಂಪು ಮಣ್ಣು. ಮಳೆಗೆ ಕೊಚ್ಚಿಕೊಂಡು ಸಮುದ್ರ ಸೇರುತ್ತದೆ."

"ಅಯ್ಯೋ ಪಾಪ! ನಮ್ಮದು ಎಲ್ಲಿಗೂ ಹೋಗುವುದಿಲ್ಲ. ಮೇಲಿನ ಮಣ್ಣು ಒಳಗೆ ಬೀಳುತ್ತದೆ, ಮಳೆಗೆ ಮುಚ್ಚಿಕೊಳ್ಳುತ್ತದೆ. ತನ್ನನ್ನು ತಾನೇ ಉಳುತ್ತದೆ."

ಪಠ್ಯಪುಸ್ತಕದ ಅದೇ ಮಾತು. ವರ್ಷವರ್ಷ ಬೋರ್ಡಿನ ಮೇಲೆ ಬರೆದಿದ್ದರು. ಗ್ಲ್ಯಾಡಿಸರ ಕಣ್ಣು ತುಂಬಿಬಂತು.

ಫೂಲ್ವತಿ ಅವರಿಬ್ಬರನ್ನೂ ಮನೆಗೆ ಕರೆದೊಯ್ದು ಮೊದಲು ನೀರು ಕೊಟ್ಟಳು, ಆಮೇಲೆ ಹೆಸರು ಕೇಳಿದಳು. ಅಲ್ಲಿ ಯಾರಿಗೂ ಅವಸರವಿರಲಿಲ್ಲ. ಮೌರಿಸ್ ದಪ್ಪ ರೊಟ್ಟಿ ಐದು ತಿಂದರು. ನಾಲ್ಕು ದಿನಕ್ಕೆಂದು ಹೋದವರು ಹನ್ನೊಂದು ದಿನ ಉಳಿದರು. ಗ್ಲ್ಯಾಡಿಸ್ ಗೋಧಿ ತೂರುವುದನ್ನು ಕಲಿತರು. ಮುಂಜಾನೆ ಫೂಲ್ವತಿಯೊಡನೆ ಹೋಗಿ ನರ್ಮದೆಯಲ್ಲಿ ಮಿಂದರು.

ಹೊರಡುವಾಗ ಫೂಲ್ವತಿ ಹೇಳಿದಳು: "ಮಳೆಗಾಲದಲ್ಲಿ ಬನ್ನಿ. ಆಗ ಇದೇ ಹೊಲ ಚಪ್ಪಲಿ ಕಿತ್ತುಕೊಂಡರೆ ವಾಪಸು ಕೊಡುವುದಿಲ್ಲ."

ರೈಲು ಬರುವ ಮೊದಲೇ ಮೌರಿಸ್ ಮೊಬೈಲ್ ತೆಗೆದರು. "ಆಗಸ್ಟಿಗೆ ಸೀಟು ಉಂಟಾ ನೋಡುತ್ತೇನೆ," ಎಂದರು.