ಎರಡನೆಯ ಪರಿಶೀಲಕರ ಆಕ್ಷೇಪ

ಪುಣೆಯಿಂದ ಬಂದ ಪತ್ರವನ್ನು ಜೋಹರಾ ಮೂರು ಸಲ ಓದಿದಳು. ಆದರೂ ತನ್ನ ಲೇಖನವನ್ನು ಅವರು ತೆಗೆದುಕೊಂಡರೋ ಬಿಟ್ಟರೋ ತಿಳಿಯಲಿಲ್ಲ. ‘ಈಗಿನ ರೂಪದಲ್ಲಿ ಪ್ರಕಟಿಸಲಾಗದು’ ಎಂದು ಒಂದು ಸಾಲು ಹೇಳುತ್ತಿತ್ತು. ‘ಎರಡು ತಿಂಗಳೊಳಗೆ ತಿದ್ದಿ ಕಳಿಸಿದರೆ ಮತ್ತೆ ಪರಿಶೀಲಿಸಲು ಸಂತೋಷವಾಗುತ್ತದೆ’ ಎಂದು ಅದರ ಕೆಳಗಿನ ಸಾಲು ಹೇಳುತ್ತಿತ್ತು. ಬೇಡವೆಂದವರಿಗೆ ಸಂತೋಷ ಯಾಕೆ ಆಗಬೇಕು ಎಂದು ಅವಳಿಗೆ ಅರ್ಥವಾಗಲಿಲ್ಲ.

ಅದು ೧೯೮೪ರ ಆಗಸ್ಟ್. ಜೋಹರಾ ಬೆಳಗಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದಳು. ದಿನಾ ಮುಂಜಾನೆ ಖಾನಾಪುರದಿಂದ ಪ್ಯಾಸೆಂಜರ್ ಗಾಡಿಗೆ ಬಂದು, ಸಂಜೆಯ ಗಾಡಿಗೆ ಮರಳುತ್ತಿದ್ದಳು. ಬರುವ ಪತ್ರಿಕೆಗಳಿಗೆ ಮುದ್ರೆ ಒತ್ತುವುದು ಅವಳ ಕೆಲಸಗಳಲ್ಲೊಂದು. ಅವುಗಳಲ್ಲಿ ಪುಣೆಯ ಒಂದು ಇಂಗ್ಲಿಷ್ ತ್ರೈಮಾಸಿಕವೂ ಇತ್ತು. ದೇಶದ ಸೇವಾ ಸಂಸ್ಥೆಗಳ ಬಗ್ಗೆ ವಿದ್ವಾಂಸರು ಅದರಲ್ಲಿ ಬರೆಯುತ್ತಿದ್ದರು. ಯಾವ ಲೇಖನ ತೆಗೆದರೂ ಅಧ್ಯಕ್ಷರು, ಕಾರ್ಯದರ್ಶಿ, ನಿಯಮಾವಳಿ, ನೋಂದಣಿ. ನಮ್ಮ ಓಣಿಯ ಹೆಂಗಸರಂಥವರು ಇದರಲ್ಲಿ ಎಲ್ಲೂ ಇಲ್ಲವಲ್ಲ ಎಂದು ಮುದ್ರೆ ಒತ್ತುವಾಗಲೆಲ್ಲ ಅವಳಿಗೆ ಅನಿಸುತ್ತಿತ್ತು. ಕೊನೆಯ ಪುಟದಲ್ಲಿ ‘ಲೇಖನಗಳಿಗೆ ಸ್ವಾಗತ’ ಎಂದಿದ್ದುದನ್ನು ನೋಡಿ, ಒಂದು ದಿನ ಧೈರ್ಯ ಮಾಡಿದಳು.

ಖಾನಾಪುರದ ಸರಕಾರಿ ದವಾಖಾನೆಗೆ ಕಾಡಿನ ಹಳ್ಳಿಗಳಿಂದ ರೋಗಿಗಳು ಬರುತ್ತಿದ್ದರು. ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತಂದವರು ದನ, ಗದ್ದೆ ಎಂದು ಅದೇ ದಿನ ತಿರುಗಿ ಹೋಗುತ್ತಿದ್ದರು. ಹಾಗೆ ಒಂಟಿಯಾಗಿ ಉಳಿದವರಿಗೆ ಜೋಹರಾಳ ಓಣಿಯ ಹೆಂಗಸರು ಸರದಿಯ ಮೇಲೆ ರೊಟ್ಟಿ ಒಯ್ದು, ಬದಿಯಲ್ಲಿ ಕೂತು ಬರುತ್ತಿದ್ದರು. ಕೆಲವರು ಮುಸಲ್ಮಾನರು, ಕೆಲವರು ಕುರಿ ಸಾಕುವ ಮನೆತನದವರು. ಇಂದು ಯಾರ ಪಾಳಿ ಎಂಬುದು ಬಾಯಿಲೆಕ್ಕ. ಸಂಘಕ್ಕೆ ಹೆಸರಿಲ್ಲ, ಹಲಗೆಯಿಲ್ಲ, ಹುಟ್ಟುಹಾಕಿದವರೂ ಇಲ್ಲ. ಇದನ್ನೇ ಜೋಹರಾ ನಾಲ್ಕು ತಿಂಗಳು ಕೂತು ಇಂಗ್ಲಿಷಿನಲ್ಲಿ ಬರೆದಳು. ಲೇಖನದೊಳಗೆ ಬರೆದವರ ಗುರುತು ಸಿಗಬಾರದು ಎಂಬುದು ಪತ್ರಿಕೆಯ ನಿಯಮ. ಹಾಗಾಗಿ ‘ನನ್ನ ತಾಯಿ’ ಎಂದಿದ್ದಲ್ಲೆಲ್ಲ ‘ಒಬ್ಬ ಹೆಂಗಸು’ ಎಂದು ತಿದ್ದಿ, ಟೈಪು ಮಾಡಿಸಿ, ಮೂರು ಪ್ರತಿ ಕಳಿಸಿದ್ದಳು.

ಈಗ ಪತ್ರದ ಜೊತೆಗೆ ಇಬ್ಬರು ಪರಿಶೀಲಕರ ಅಭಿಪ್ರಾಯಗಳು ಬಂದಿದ್ದವು. ಅವರಿಗೂ ಹೆಸರಿರಲಿಲ್ಲ. ಹೀಗೆಯೇ ಅಚ್ಚು ಮಾಡಿ ಎಂದು ಮೊದಲನೆಯವರು ಎರಡು ಸಾಲು ಬರೆದಿದ್ದರು. ಎರಡನೆಯವರದು ಒಂದು ಪುಟ. ‘ಈ ಸಂಘಕ್ಕೆ ಸಂಸ್ಥಾಪಕರಿಲ್ಲ ಎಂಬುದೇ ಲೇಖನದ ತಿರುಳು. ಆದರೆ ಇದೇ ಸಂಘದ ಬಗ್ಗೆ ಇದೇ ಪತ್ರಿಕೆಯಲ್ಲಿ ೧೯೭೭ರಲ್ಲಿ ಅಧ್ಯಯನ ಬಂದಿದೆ. ಸಂಸ್ಥಾಪಕರ ಹೆಸರೂ ಅದರಲ್ಲಿದೆ. ಲೇಖಕರಿಗೆ ಆ ಊರಿನ ಪರಿಚಯ ಸಾಲದು. ಆಧಾರಸಹಿತ ಉತ್ತರ ಕೊಡತಕ್ಕದ್ದು.’

ಊರಿನ ಪರಿಚಯ ಸಾಲದು ಎಂಬಲ್ಲಿ ಅವಳಿಗೆ ನಗು ಬಂತು. ಮೇಲಿನ ಕಪಾಟಿನಿಂದ ೧೯೭೭ರ ಸಂಪುಟವನ್ನು ಇಳಿಸಿ, ಧೂಳು ಒರೆಸಿ ತೆರೆದಾಗ ನಗು ನಿಂತುಹೋಯಿತು. ದಿಲ್ಲಿಯ ಒಬ್ಬ ಪ್ರಾಧ್ಯಾಪಕರ ಲೇಖನ. ‘ಶಾಲಾ ಶಿಕ್ಷಕ ಬಸಯ್ಯನವರು ೧೯೬೮ರಲ್ಲಿ ಓಣಿಯ ಹೆಂಗಸರನ್ನು ಕೂಡಿಸಿ ಈ ಕಾರ್ಯವನ್ನು ಸ್ಥಾಪಿಸಿದರು.’ ಆ ವಾಕ್ಯ ಅವಳದೇ ಆಗಿತ್ತು. ಒಂಬತ್ತು ವರ್ಷದ ಹಿಂದೆ ಅವಳೇ ಅದನ್ನು ಬಾಯಾರೆ ಹೇಳಿದ್ದಳು.

೧೯೭೫ರಲ್ಲಿ ಆ ಪ್ರಾಧ್ಯಾಪಕರು ಖಾನಾಪುರಕ್ಕೆ ಬಂದಿದ್ದರು. ಕರೆತಂದವರು ಬಸಯ್ಯ ಮಾಸ್ತರರು, ಜೋಹರಾಳಿಗೆ ಇಂಗ್ಲಿಷ್ ಕಲಿಸಿದವರು. ಅವಳ ತಾಯಿ ಶಾಹಜಾನಬಿ ಮನೆಯಲ್ಲಿದ್ದಿದ್ದರೆ ಸಾಹೇಬರ ಜೊತೆ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಅವಳು ಅಂದು ಹಿಂಡಲಗಾದ ತವರಿಗೆ ಹೋಗಿದ್ದಳು. ಪಕ್ಕದ ಮನೆಯ ಭರಮವ್ವನಿಗೆ ಬರುತ್ತಿದ್ದುದು ಕನ್ನಡವೊಂದೇ. ಶಿಷ್ಯೆಯ ಇಂಗ್ಲಿಷನ್ನು ಸಾಹೇಬರೂ ಕೇಳಲಿ ಎಂದು ಮಾಸ್ತರರು ದುಭಾಷಿಯಾಗಿ ಕೂರಿಸಿದ್ದು ಇಪ್ಪತ್ತರ ಜೋಹರಾಳನ್ನು. ಇದನ್ನು ಯಾರು ಸುರು ಮಾಡಿದರು ಎಂದು ಸಾಹೇಬರು ಕೇಳಿದಾಗ, ಯಾರೂ ಇಲ್ಲ ಎಂದು ತಲೆ ಅಲ್ಲಾಡಿಸಿದಳು ಭರಮವ್ವ. ಸಾಹೇಬರು ಪೆನ್ನು ಹಿಡಿದು ಕಾಯುತ್ತಿದ್ದರು. ದಿಲ್ಲಿಯಿಂದ ಬಂದವರಿಗೆ ‘ಯಾರೂ ಇಲ್ಲ’ ಎಂದು ಹೇಳುವುದು ಜೋಹರಾಳಿಗೆ ಬಡತನದಂತೆ ಕಂಡಿತು. ಬದಿಯಲ್ಲಿ ಕೂತ ಗುರುಗಳಿಗೂ ಮರ್ಯಾದೆಯಿರಲಿ ಎಂದು ಅವರ ಹೆಸರು ಹೇಳಿದಳು. ವರ್ಷ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದಳು. ಮಾಸ್ತರರಿಗೆ ಇಂಗ್ಲಿಷ್ ಬರುತ್ತಿತ್ತು. ಅವರು ತಮ್ಮ ಕಾಲಬೆರಳು ನೋಡುತ್ತ ಕೂತರು.

೧೯೭೯ರಲ್ಲಿ ಊರವರು ಮಾಸ್ತರರಿಗೆ ಶಾಲು ಹೊದಿಸಿ ‘ಸಂಸ್ಥಾಪಕರು’ ಎಂದು ಸನ್ಮಾನಪತ್ರ ಕೊಟ್ಟಿದ್ದರು. ಆ ಮಾತು ಎಲ್ಲಿಂದ ಬಂತೆಂದು ಅಂದು ಜೋಹರಾ ಯೋಚಿಸಿರಲಿಲ್ಲ. ಈಗ ಗೊತ್ತಾಯಿತು.

ಆಧಾರ ಬೇಕಿತ್ತು. ಭಾನುವಾರ ಮಧ್ಯಾಹ್ನ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದ ಭರಮವ್ವನ ಎದುರು ಹಾಳೆ ಹಿಡಿದು ಕೂತಳು.

“ಆಯಿ, ದವಾಖಾನಿಗಿ ರೊಟ್ಟಿ ಒಯ್ಯೂದು ಮೊದಲ ಯಾರು ಸುರು ಮಾಡಿದ್ರು?”

“ನಿಮ್ಮವ್ವ,” ಎಂದಳು ಭರಮವ್ವ, ಶೇಂಗಾದಿಂದ ಕಣ್ಣೆತ್ತದೆ.

ಬಾಗಿಲಲ್ಲಿ ನಿಂತಿದ್ದ ಶಾಹಜಾನಬಿ ಅಲ್ಲಿಂದಲೇ, “ನಾ ಎಲ್ಲಿ ಮಾಡೀನಿ? ಭರಮಕ್ಕಾ, ನೀನ ಅಲ್ಲೇನು ಮೊದಲ ಹೋದಾಕಿ? ನಾ ನಿನ್ನ ಹಿಂದಿಂದ ಬಂದೆ,” ಎಂದಳು.

“ನಾ ಹೋಗಿದ್ದು ನಮ್ಮ ರಾಯಪ್ಪಗ ಹಾವು ಕಡದಾಗ. ಗಂಡನ ಬಾಜೂ ಕುಂತಾಕಿಗೆ ನೀ ರೊಟ್ಟಿ ತಂದಿ. ತಂದಾಕಿ ಆಚೀ ಕಾಟಿನ ಮ್ಯಾಲಿದ್ದ ಬಾಣಂತಿಗೂ ಅರ್ಧಾ ಕೊಟ್ಟಿ.”

“ಅದು ಬ್ಯಾರೆ. ಹಸದಾಕಿ ಎದುರಿಗಿದ್ಲು, ಕೊಟ್ಟೆ. ಮರುದಿನಾ ಆಕಿಗೆ ಅಂತ ಬ್ಯಾರೆ ಕಟಗೊಂಡು ಹೋದಾಕಿ ನೀನು.”

ಜೋಹರಾ ಎರಡೂ ಹೆಸರು ಬರೆದು ಎರಡನ್ನೂ ಹೊಡೆದುಹಾಕಿದಳು. “ಬಸಯ್ಯ ಮಾಸ್ತರ ಏನು ಮಾಡಿದ್ರು ಹಂಗಾರ?”

ಭರಮವ್ವ ಕೈ ನಿಲ್ಲಿಸಿದಳು. “ಮಾಸ್ತರ ಒಂದು ಚೀಟಿ ಬರದುಕೊಟ್ಟಿದ್ರು. ಜವಾನ ನಮ್ಮನ್ನ ಒಳಗ ಬಿಡವಲ್ಲಾಗಿದ್ದ. ಡಾಕ್ಟರ ಆ ಚೀಟಿ ಓದಿ, ಇವರನ್ನ ತಡೀಬ್ಯಾಡ ಅಂದ್ರು. ಅವತ್ತಿನಿಂದ ಯಾರೂ ಕೇಳಿಲ್ಲ.”

“ಅದು ಯಾವ ವರ್ಷ?”

“ಯಾರಿಗೆ ನೆನಪೈತಿ? ಮಳಿ ಇತ್ತು.”

ಜೋಹರಾಳ ತಲೆ ಇನ್ನಷ್ಟು ಕೆಟ್ಟಿತು. ಚೀಟಿ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತೇನೋ. ಹಾಗಾದರೆ ಮಾಸ್ತರರೇ ಸ್ಥಾಪಿಸಿದರು ಎಂದರೆ ಅದು ಪೂರಾ ಸುಳ್ಳೇ? ತಾನು ಸುಳ್ಳು ಎಂದುಕೊಂಡು ಹೇಳಿದ್ದು ಅರ್ಧ ಖರೆಯಾಗಿದ್ದರೆ?

ಮುಂದಿನ ಶನಿವಾರ ಕಾಲೇಜು ಬಿಟ್ಟ ಮೇಲೆ ಹಿಂದವಾಡಿಗೆ ನಡೆದು ಹೋದಳು. ನಿವೃತ್ತರಾದ ಮಾಸ್ತರರು ಅಲ್ಲಿ ತಮ್ಮನ ಕುಟುಂಬದ ಜೊತೆ ಇದ್ದರು. ಮುಂದಿನ ಕೋಣೆಯ ಗೋಡೆಗೆ ಸನ್ಮಾನಪತ್ರ ತೂಗುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಎರಡನೆಯ ಪರಿಶೀಲಕರ ಹಾಳೆಯನ್ನು ನಿಧಾನವಾಗಿ, ಪಾಠ ಓದಿದಂತೆ ಓದಿದರು.

“ಮಾಸ್ತರ್ರ, ಅವತ್ತು ನಾ ಸುಳ್ಳು ಹೇಳಿದ್ನಿ,” ಎಂದಳು ಜೋಹರಾ. “ನಿಮಗ ಗೊತ್ತಿತ್ತು.”

“ಗೊತ್ತಿತ್ತು.” ಅವರು ಹಾಳೆಯನ್ನು ಮಡಚಿದರು. “ಸಾಹೇಬರಿಗೊಂದು ಪತ್ರಾ ಬರೀಬೇಕು ಅನ್ಕೊಂಡಿದ್ದೆ. ಇವತ್ತು, ನಾಳೆ ಅಂತ ಬಿಟ್ಟೆ. ಎರಡು ವರ್ಷಕ್ಕ ಅವರು ಅಚ್ಚಾದ ಪ್ರತಿ ಕಳಿಸಿದ್ರು. ಅಚ್ಚಿನ್ಯಾಗ ನನ್ನ ಹೆಸರು ಓದಿದ ಮ್ಯಾಲ ನಂಗ ಅನಸಾಕ ಹತ್ತಿತು, ನಾನ ಏನರ ಮಾಡಿರಬೇಕು, ಮರತಿರಬೇಕು ಅಂತ. ಆ ಚೀಟಿ ನೆನಪಾತು. ಅದ ಸುರುವಾತ ಇರಬೇಕು ಅಂದ್ಕೊಂಡೆ. ಈಗ ನೀ ಬಂದು ಅಲ್ಲ ಅಂತೀದಿ.”

“ಅಲ್ಲ ಅನ್ನಾಕೂ ನಂಗ ಧೈರ್ಯ ಇಲ್ರಿ. ಯಾರನ್ನ ಕೇಳಿದ್ರೂ ಒಂದೊಂದು ಹೇಳ್ತಾರ. ನಂಗೇನೂ ತಿಳೀವಲ್ತು.”

ಮಾಸ್ತರರ ತಮ್ಮನ ಹೆಂಡತಿ ಚಹಾ ತಂದಿಟ್ಟು ಹೋದಳು. ಯಾರೂ ಕಪ್ಪು ಮುಟ್ಟಲಿಲ್ಲ.

“ನಾ ಹೋದ ಮ್ಯಾಲ ಬರದ್ರ ನಡಿಯೂದಿಲ್ಲೇನು, ಜೋಹರಾ?”

“ಎರಡು ತಿಂಗಳ ವಾಯಿದಾ ಕೊಟ್ಟಾರ್ರಿ,” ಎಂದುಬಿಟ್ಟಳು ಅವಳು. ಮಾತು ಬಾಯಿಂದ ಬಿದ್ದ ಕೂಡಲೇ ನೆಲಕ್ಕಿಳಿಯುವಷ್ಟು ನಾಚಿಕೆಯಾಯಿತು.

“ಹಂಗಾರ ಬರಿ,” ಎಂದು ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅವಳು ಹೊರಟಾಗಲೂ ತಿರುಗಲಿಲ್ಲ.

ಜೋಹರಾ ಎರಡು ಉತ್ತರ ಬರೆದಳು. ಮೊದಲನೆಯದು ಸರಳ. ಆಕ್ಷೇಪ ಸರಿಯಿದೆ, ಸಂಸ್ಥಾಪಕರ ಹೆಸರು ಸೇರಿಸಿದ್ದೇನೆ ಎಂದಷ್ಟೆ. ಹಾಗೆ ಬರೆದರೆ ಲೇಖನ ಅಚ್ಚಾಗುತ್ತಿತ್ತು, ಮಾಸ್ತರರ ಗೋಡೆಯೂ ಹಾಗೇ ಇರುತ್ತಿತ್ತು. ಆದರೆ ಆಧಾರ ಯಾವುದು ಎಂದು ಬರೆಯುವಲ್ಲಿ ಕೈ ನಿಂತಿತು. ಆಧಾರ ೧೯೭೭ರ ಲೇಖನ. ಆ ಲೇಖನಕ್ಕೆ ಆಧಾರ ಒಬ್ಬ ದುಭಾಷಿ ಹುಡುಗಿ. ತನ್ನ ಸುಳ್ಳಿಗೆ ತನ್ನನ್ನೇ ಸಾಕ್ಷಿ ಕರೆದಂತಾಗುತ್ತಿತ್ತು. ಎರಡನೆಯ ಉತ್ತರದಲ್ಲಿ ನಡೆದದ್ದನ್ನೆಲ್ಲ ಬರೆದಿದ್ದಳು. ತಾನೇ ಆ ದುಭಾಷಿ ಎಂಬುದು, ಭರಮವ್ವ ಹೇಳಿದ್ದು, ತಾನು ತಿರುಚಿದ್ದು. ಮಾಸ್ತರರ ಚೀಟಿ ಇಲ್ಲದಿದ್ದರೆ ದವಾಖಾನೆಯ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನೂ ಸೇರಿಸಿದ್ದಳು. ‘ಇಂದು ಕೇಳಿದರೆ ಮೂವರಿಂದ ಮೂರು ಉತ್ತರ ಬರುತ್ತವೆ, ಯಾವುದು ಸರಿ ಎಂದು ನನಗೆ ಗೊತ್ತಿಲ್ಲ’ ಎಂದು ಮುಗಿಸಿದ್ದಳು. ಎರಡನ್ನೂ ಒಂದು ವಾರ ಚೀಲದಲ್ಲಿಟ್ಟುಕೊಂಡು ಗಾಡಿಯಲ್ಲಿ ಓಡಾಡಿದಳು. ವಾಯಿದೆಗೆ ಮೂರು ದಿನ ಇರುವಾಗ ಎರಡನೆಯದನ್ನು ಅಂಚೆಗೆ ಹಾಕಿದಳು. ಹಾಕಿದ ಮೇಲೆ ಹಗುರವೇನೂ ಆಗಲಿಲ್ಲ.

ಡಿಸೆಂಬರಿನಲ್ಲಿ ಸಂಪಾದಕರ ಉತ್ತರ ಬಂತು. ಅದನ್ನೂ ಅವಳು ಮೂರು ಸಲ ಓದಬೇಕಾಯಿತು. ಲೇಖಕರು ಯಾರೆಂದು ಈಗ ಗೊತ್ತಾಗಿರುವುದರಿಂದ ನಿಯಮದಂತೆ ಲೇಖನದ ಪರಿಶೀಲನೆ ಮುಂದುವರಿಸಲು ಬರುವುದಿಲ್ಲ. ಆದರೆ ಆಕ್ಷೇಪಕ್ಕೆ ಅವರು ಕೊಟ್ಟ ಉತ್ತರವನ್ನೇ ಪತ್ರವ್ಯವಹಾರದ ಅಂಕಣದಲ್ಲಿ ಪೂರ್ಣವಾಗಿ ಪ್ರಕಟಿಸುತ್ತೇವೆ ಎಂದಿತ್ತು. ನಾಲ್ಕು ತಿಂಗಳು ಬೆವರು ಸುರಿಸಿ ಬರೆದದ್ದು ಹೋಯಿತು. ನಾಚಿಕೆಯಿಂದ ಬರೆದ ಒಂದೂವರೆ ಪುಟ ಉಳಿಯಿತು. ಇದಕ್ಕೆ ಅಳಬೇಕೋ ಏನು ಮಾಡಬೇಕೋ ಎಂದು ಜೋಹರಾ ಕಾಗದ ಹಿಡಿದು ಕೂತಳು. ತಾಯಿ ಕೇಳಿದಾಗ, “ತಗೊಂಡ್ರು, ಆದರ ತಗೊಳ್ಳಿಲ್ಲ,” ಎಂದಳು.

ಸಂಚಿಕೆ ಹೊರಬಂದ ಹದಿನೈದು ದಿನಕ್ಕೆ ದಿಲ್ಲಿಯಿಂದ ಆ ಪ್ರಾಧ್ಯಾಪಕರದೇ ಪತ್ರ ಬಂತು. ‘ಎರಡನೆಯ ಪರಿಶೀಲಕ ನಾನೇ. ಇದನ್ನು ಹೇಳಿಕೊಳ್ಳುವ ಪದ್ಧತಿಯಿಲ್ಲ, ಆದರೂ ಹೇಳುತ್ತಿದ್ದೇನೆ. ನನ್ನ ಹಳೆಯ ಟಿಪ್ಪಣಿಯನ್ನು ತೆಗೆದು ನೋಡಿದೆ. ಮುದುಕಿ ತಲೆ ಅಲ್ಲಾಡಿಸಿದಳು, ಹುಡುಗಿ ದೊಡ್ಡ ವಾಕ್ಯ ಹೇಳಿದಳು ಎಂದು ಅಂದೇ ಬರೆದುಕೊಂಡಿದ್ದೇನೆ. ತಲೆ ಅಲ್ಲಾಡಿಸಿದ್ದನ್ನು ಲೇಖನದಲ್ಲಿ ಬಿಟ್ಟುಬಿಟ್ಟೆ. ನನಗೆ ಸಂಸ್ಥಾಪಕರು ಬೇಕಾಗಿದ್ದರು. ತಪ್ಪು ನಿಮ್ಮೊಬ್ಬರದಲ್ಲ.’

ಪತ್ರವನ್ನು ಮಾಸ್ತರರಿಗೆ ತೋರಿಸಬೇಕೆನಿಸಿತು. ಹಿಂದವಾಡಿಯ ಕಡೆ ಹೋಗಲು ಕಾಲು ಏಳಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಾಸ್ತರರೇ ಗ್ರಂಥಾಲಯಕ್ಕೆ ಬಂದರು. ಬಂದವರು ಅವಳ ಕಡೆ ನೋಡದೆ ಆ ಸಂಚಿಕೆ ಕೇಳಿದರು. ಕುಂದರ್ರಿ ಎಂದರೂ ಕೂಡಲಿಲ್ಲ. ನಿಂತುಕೊಂಡೇ ಒಂದೂವರೆ ಪುಟ ಓದಿದರು.

“ಚೀಟಿ ವಿಷಯಾ ಹಾಕೀದಿ,” ಎಂದರು ಕೊನೆಗೆ.

“ಹಾಕೀನ್ರಿ.”

“ಅದು ಖರೇ ಐತಿ.”

ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಸಿಟ್ಟು ಹೋಯಿತೋ ಇನ್ನೂ ಇತ್ತೋ ಅವಳಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ದಿಲ್ಲಿಯ ಪತ್ರ ಕೊಟ್ಟಳು. ಅದನ್ನು ಓದಿ ಅವರು ಮಡಚಿ ಅವಳ ಮುಂದಿಟ್ಟರು. ಅವಳು ಮೇಜಿನ ಖಾನೆಯಿಂದ ಇನ್ನೊಂದು ದಪ್ಪ ಲಕೋಟೆ ತೆಗೆದಳು. ಅದು ಬಂದು ಎರಡು ದಿನವಾಗಿತ್ತು.

“ಇದನ್ನೂ ಪುಣೆಯವರು ಕಳಿಸ್ಯಾರ್ರಿ. ಯಾರೋ ಬರದ ಲೇಖನ, ಹೆಸರಿಲ್ಲ. ಕೆರೀ ಹೂಳು ತೆಗಿಯೋ ಒಂದು ಸಂಘದ್ದು. ಪರಿಶೀಲಕರಾಗಿ ಅಭಿಪ್ರಾಯ ತಿಳಸ್ರಿ ಅಂದಾರ. ನನಗ ಯಾಕ ಕಳಿಸ್ಯಾರೋ ಒಂದೂ ತಿಳೀವಲ್ತು. ನನ್ನ ಲೇಖನಾನ ಅವರು ಹಾಕಲಿಲ್ಲ.”

ಮಾಸ್ತರರು ಮೊದಲ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಇಬ್ಬರೂ ಕೂಡಿ ಓದತೊಡಗಿದರು. ಅರ್ಥವಾಗದ ಮಾತು ಬಂದಾಗ ಅವಳು ನಿಘಂಟು ತಂದಳು. ನಿಘಂಟಿನ ಅರ್ಥ ಸಾಲದಾದಾಗ ಅವರು ಆ ಸಾಲಿನ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿದರು. ಎರಡನೆಯ ಪುಟ ಮುಟ್ಟುವ ಮೊದಲೇ ಅವಳ ಗಾಡಿಯ ಹೊತ್ತಾಯಿತು.

“ಭಾನುವಾರ ಮನಿಗಿ ತಗೊಂಡು ಬಾ,” ಎಂದರು ಮಾಸ್ತರರು ಎದ್ದು ನಿಂತು. “ಈ ಮೊದಲನೇ ಪುಟದಾಗ ನಂಗ ನಾಕು ಸಂಶೇ ಅದಾವ.”