ಎಂಟು ಪೆಟ್ಟಿಗೆಗಳ ಮುಂದೆ

ಯುದ್ಧ ಮುಗಿದು, ಗುಲಾಮಗಿರಿ ಹೋಗಿ ಹದಿನೇಳು ವರ್ಷವಾಗಿದ್ದರೂ ಸಿಮ್ಸ್ ಧಣಿಯ ಅಂಗಡಿಯ ಮೆಟ್ಟಿಲು ಹತ್ತುವಾಗ ಇಶಾಮನ ಕಾಲು ನಡುಗುವುದು ನಿಂತಿರಲಿಲ್ಲ. ಇವತ್ತು ಆ ಅಂಗಡಿಯೇ ಮತಗಟ್ಟೆ, ಸಿಮ್ಸನೇ ಅಧಿಕಾರಿ. ಬಾಗಿಲ ಪಕ್ಕ, ಕರಿಯರನ್ನು ಬೆದರಿಸಲೆಂದೇ ಬಿಳಿಯರು ಕಟ್ಟಿಕೊಂಡ ಕೆಂಪಂಗಿ ಪಡೆಯ ಇಬ್ಬರು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು.

"ಏನೋ ಇಶಾಮ್, ಹಿಂಗೆ ನಡುಗ್ತಿದೀಯಾ? ಚಳೀನಾ?" ಎಂದ ಒಬ್ಬ.

"ವಯಸ್ಸಾಯ್ತಲ್ಲ ಧಣಿ" ಎಂದು ಇಶಾಮ್ ತಲೆ ತಗ್ಗಿಸಿ ಒಳಗೆ ನುಸುಳಿದ.

ದಕ್ಷಿಣ ಕ್ಯಾರೊಲಿನಾದ ದೊಡ್ಡ ಮನುಷ್ಯರು ಆ ವರ್ಷ ಹೊಸ ಕಾನೂನು ತಂದಿದ್ದರು. ಒಂದೊಂದು ಹುದ್ದೆಗೆ ಹೆಸರು ಬರೆದ ಒಂದೊಂದು ಪೆಟ್ಟಿಗೆ, ಒಟ್ಟು ಎಂಟು. ಚೀಟಿ ಬೇರೆ ಪೆಟ್ಟಿಗೆಗೆ ಬಿದ್ದರೆ ಕಸ. ಮೊನ್ನೆ ಮೊನ್ನೆಯವರೆಗೆ ಅಕ್ಷರ ಕಲಿತವರ ಬೆನ್ನಿಗೆ ಚಾಟಿ ಬೀಸಿದವರೇ ಈಗ ಎಲ್ಲಿ ಓದು ನೋಡೋಣ ಎನ್ನುತ್ತಿದ್ದರು. ಎಂಥ ಜಾಣರು ನೋಡಿ! ಜನ ಪೆಟ್ಟಿಗೆಗಳ ಸಾಲು ನೆನಪಿಟ್ಟುಕೊಂಡರೆ ಅವನ್ನೂ ಅದಲು ಬದಲು ಮಾಡುತ್ತಿದ್ದರು.

ಇಶಾಮನಿಗೆ ಓದಲು ಬರುತ್ತಿದ್ದದ್ದು ಒಂದೇ ಪದ, ದೇಶದ ಶಾಸನಸಭೆಯ ಹೆಸರು, ಕಾಂಗ್ರೆಸ್. ಅವನ ಹೆಂಡತಿ ಕೆಟೂರಾ ಮೊರದಲ್ಲಿ ಜೋಳದ ಹಿಟ್ಟು ಹರಡಿ, ಅದರ ಮೇಲೆ ಬೆರಳಿನಿಂದ ಬರೆದು ಕಲಿಸಿದ್ದಳು. ಹೊರಗೆ ಹೆಜ್ಜೆ ಸದ್ದಾದರೆ ಅಳಿಸಿಬಿಡುತ್ತಿದ್ದಳು. ಹೀಗೆ ಕೇರಿಯ ಹನ್ನೊಂದು ಗಂಡಸರಿಗೆ ಕಲಿಸಿದ್ದಳು. ಹೋದ ವಾರವಷ್ಟೇ ಹೊಳೆಯಾಚೆ ಓದು ಕಲಿಸುತ್ತಿದ್ದ ಹೆಂಗಸೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದು ಮನೆಗೆ ಬೆಂಕಿಯಿಟ್ಟಿದ್ದರು. ಇಲ್ಲಿ ಕಲಿಸುತ್ತಿರುವುದು ಯಾರೆಂದು ಸಿಮ್ಸ್ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದ.

ಪೆಟ್ಟಿಗೆಗಳ ಮುಂದೆ ನಿಂತ ಇಶಾಮ್ ಒಂದೊಂದರ ಹೆಸರನ್ನೂ ನೋಡುತ್ತ ಹೋದ. ಒಂದೇ ಥರ ಶುರುವಾಗುವ ಹೆಸರುಗಳು ಎರಡಿದ್ದವು! ಕೌಂಟಿಯ, ಅಂದರೆ ಜಿಲ್ಲೆಯ ಹುದ್ದೆಗಳ, ಪೆಟ್ಟಿಗೆಯ ಮೇಲೂ ಅದೇ ಮೊದಲ ಅಕ್ಷರ, ಅದೇ ಎರಡನೆಯದು. ಇದನ್ನು ಕೆಟೂರಾ ಹೇಳಿರಲಿಲ್ಲ. ಕೇಳಿದರೆ ಸಿಮ್ಸ್ ಸುಳ್ಳು ಹೇಳುವುದು ಖಂಡಿತ. ಅವನು ಪದದ ಬಾಲ ನೋಡಿದ. ಎಡದಿಂದ ಆರನೆಯ ಪೆಟ್ಟಿಗೆಯ ಹೆಸರಿನ ತುದಿಯಲ್ಲಿ ಒಂದೇ ಅಕ್ಷರ ಎರಡು ಸಲ, ಜೋಡಿ ಹುಳುಗಳಂತೆ ಬಾಗಿ ಕೂತಿತ್ತು. ಇದೇ! ಐವತ್ತೆರಡನೆಯ ವಯಸ್ಸಿನಲ್ಲಿ ಯಾರ ಸಹಾಯವೂ ಇಲ್ಲದೆ ಅವನು ಒಂದು ಪದ ಓದಿದ್ದ. ಚೀಟಿ ಹಾಕಿದ.

ಸಿಮ್ಸ್ ನಿಧಾನವಾಗಿ ಎದ್ದು ಬಂದ.

"ಓದಕ್ಕೆ ಬರುತ್ತೇನೋ ನಿಂಗೆ?"

"ಅಯ್ಯೋ, ಎಲ್ಲಿಂದ ಬರುತ್ತೆ ಧಣಿ? ಕೈಗೆ ಸಿಕ್ಕಿದ್ದಕ್ಕೆ ಹಾಕ್ದೆ."

"ಹಂಗಾದ್ರೆ ತಪ್ಪು ಪೆಟ್ಟಿಗೆಗೆ ಹಾಕಿದೀಯ. ಸರಿಯಾದ್ದಕ್ಕೆ ನಾನೇ ಹಾಕ್ಕೊಡ್ಲಾ?" ಸಿಮ್ಸ್ ಆಗಲೇ ಮುಚ್ಚಳ ಎತ್ತಿದ್ದ. "ಇಲ್ಲ, ಇದೇ ಸರಿ ಅಂತೀಯಾ? ಹೆಂಗೆ ಗೊತ್ತಾಯ್ತು ನಿಂಗೆ? ಯಾರು ಹೇಳ್ಕೊಟ್ರು?"

ಕೋವಿಯವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ಇತ್ತ ತಿರುಗಿದರು. ಮರಕ್ಕೆ ಕಟ್ಟಿದ ಆ ಹೆಂಗಸಿನ ಜಾಗದಲ್ಲಿ ಇಶಾಮನಿಗೆ ಕೆಟೂರಾ ಕಂಡಳು.

"ಹಾಕ್ಕೊಡಿ ಧಣಿ" ಎಂದ. "ನಿಮ್ಮಿಂದ ಉಪಕಾರವಾಯ್ತು."

ಸಿಮ್ಸ್ ಮೇಲೇ ಇದ್ದ ಚೀಟಿಯನ್ನು ತೆಗೆದು ಕೌಂಟಿಯ ಪೆಟ್ಟಿಗೆಗೆ ಹಾಕಿ ಬೆನ್ನು ತಟ್ಟಿದ.

ಕೆಟೂರಾ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು. "ಓದಿದ್ಯಾ?"

"ಓದ್ದೆ."

ಅವಳು ಹಿಗ್ಗಿಹೋದಳು. "ನಾನು ಹೇಳ್ಲಿಲ್ವಾ! ನಾಳೆಯಿಂದ ಚರ್ಚಿನಲ್ಲೇ ಕಲಿಸ್ತೀನಿ ಕಣಯ್ಯಾ, ಬಾಗಿಲು ತೆಗೆದಿಟ್ಟು. ಇನ್ನೆಷ್ಟು ದಿನ ಹೆದರ್ಕೊಂಡು ಸಾಯೋದು?"

ಸತ್ಯ ಮುಚ್ಚಿಟ್ಟರೆ ಇವಳನ್ನು ಕೊಂದೇಬಿಡುತ್ತಾರೆ ಎನಿಸಿ, ಇಶಾಮ್ ಅವಳನ್ನು ಒಳಗೆಳೆದು ಕದ ಹಾಕಿ ನಡೆದದ್ದೆಲ್ಲ ಹೇಳಿದ. "ನಿನಗೋಸ್ಕರ ಬಿಟ್ಟುಕೊಟ್ಟೆ ಕಣೇ" ಎಂದು ಅತ್ತ.

ಕೆಟೂರಾ ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಹೆಂಗಸ್ರಿಗೆ ಓಟಿಲ್ಲ ಅಂತ ಗೊತ್ತಿಲ್ವಾ ನಿಂಗೆ? ನಮ್ಮಿಬ್ಬರಿಗೂ ಸೇರಿ ಇದ್ದದ್ದು ಅದೊಂದೇ ಓಟು. ನನ್ನದನ್ನೂ ಬಿಟ್ಟುಕೊಡೋಕೆ ಮುಂಚೆ ನನ್ನ ಕೇಳಿದ್ಯಾ?"