ಮೂರು ಅಮಾವಾಸ್ಯೆಗಳ ಗಡುವು

ಕರೆವ್ವ ಗಂಡನ ಗದ್ದದ ಕೆಳಗಿಂದ ಬಟ್ಟೆಯ ಪಟ್ಟಿ ತಂದು ನೆತ್ತಿಯ ಮೇಲೆ ಗಂಟು ಬಿಗಿಯುತ್ತಿದ್ದಳು. ತೆರೆದ ಬಾಯಿ ಮುಚ್ಚುತ್ತಿರಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದಳು. ಮೂರನೆಯ ಸಲ ಮೊಣಕಾಲನ್ನು ಹೆಣದ ಎದೆಗೆ ಊರಿ ಎಳೆದಾಗ ಹಲ್ಲುಗಳು ಕಟಕ್ಕೆಂದು ಕೂಡಿದವು. ಮಗ್ಗುಲಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅಷ್ಟು ಬಿಗಿಯಬೇಕಾಗಿರಲಿಲ್ಲ.

ಗಂಡ ಲಗಮಪ್ಪ ಜಾಲಿಗಟ್ಟಿಯ ತಳವಾರ. ಊರು ಕಾಯುವುದು, ಕಂದಾಯದ ದಿನ ರೈತರನ್ನು ಚಾವಡಿಗೆ ಕರೆಯುವುದು, ಸವದತ್ತಿಯ ಕಚೇರಿಗೆ ಕಾಗದ ಒಯ್ಯುವುದು, ಗಡಿಕಲ್ಲು ನೋಡಿಕೊಳ್ಳುವುದು, ಇಷ್ಟರಲ್ಲೇ ಅವನ ಮೂವತ್ತು ವರ್ಷ ಕಳೆದಿತ್ತು. ಜಾಲಿಗಟ್ಟಿ ಇಂಗ್ರೇಜಿ ಸರಕಾರದ ಊರು. ಹಳ್ಳ ದಾಟಿದರೆ ಬನ್ನಿಕೊಪ್ಪ, ಅದು ರಾಮದುರ್ಗ ಸಂಸ್ಥಾನದ್ದು. ಅಲ್ಲಿ ರಾಜ ಬೇರೆ, ಕಚೇರಿ ಬೇರೆ, ಗೌಡನೂ ಬೇರೆ. ಆದರೆ ಗಡಿ ನಡೆದ ತಳವಾರ ಸತ್ತರೆ ಎರಡೂ ಊರಿನ ಗೌಡರು ಬಂದು ಹೆಗಲು ಕೊಡಬೇಕು. ಕಿತ್ತೂರು ದೇಸಾಯರ ಕಾಲದಿಂದ ನಡೆದುಬಂದ ರೂಢಿ ಅದು.

ಮಗ ಪರಸಪ್ಪ ಗೌಡರ ವಾಡೆಗೆ ಸುದ್ದಿ ಮುಟ್ಟಿಸಿ ಬಂದ. ಇಪ್ಪತ್ತು ತುಂಬಿದ ಆಳು. ತಾಯಿಯನ್ನು ಒಳಗೆ ಕರೆದ.

"ಯವ್ವಾ, ಗೌಡ್ರು ಭಾಳ ಮರುಗಿದ್ರು. ತಳವಾರಿಕಿ ನನ್ನ ಹೆಸರಿಗೇ ಬರೀತಾರಂತ. ನಾಳೆನ ಸವದತ್ತಿಗೆ ಕಾಗದ ಹೋಗತೈತಿ."

"ಮತ್ತೇನಂದ್ರು?"

"ಬನ್ನಿಕೊಪ್ಪದವರು ಬರತಾರ, ಅವರ ಮುಂದ ನಿಮ್ಮವ್ವ ಹೆಚ್ಚು ಕಡಿಮಿ ಹಾಡಿಕೊಂಡು ಅಳೂದು ಬ್ಯಾಡ ಅಂದ್ರು. ಯಾಕಂತ ಕೇಳಿದ್ನಿ. ನಿಮ್ಮವ್ವಗ ಗೊತ್ತೈತಿ ಅಂದ್ರು." ಪರಸಪ್ಪ ಅವಳ ಮುಖ ನೋಡಿದ. "ಏನ ಅದು?"

"ಹೋಗಿ ಅಂಗಳಕ್ಕ ನೀರು ಹೊಡಿ," ಎಂದಳು ಕರೆವ್ವ. "ಮಂದಿ ಬರೂ ಹೊತ್ತಾತು."

*

ಒಂಬತ್ತು ವರ್ಷದ ಹಿಂದೆ, ಒಂದು ದೊಡ್ಡ ಮಳೆಗೆ ಹಳ್ಳ ತನ್ನ ಹಾದಿ ಬದಲಿಸಿತು. ಹಳೆಯ ಪಾತ್ರಕ್ಕೂ ಹೊಸ ಪಾತ್ರಕ್ಕೂ ನಡುವೆ ನಾಲ್ಕು ಕೂರಿಗೆ ಅಳತೆಯ ಎರೆಹೊಲ ಉಳಿಯಿತು. ಬನ್ನಿಕೊಪ್ಪದ ಶಟ್ಟೆವ್ವನ ಮನೆತನ ಅದನ್ನು ಮೂರು ತಲೆಯಿಂದ ಉಳುತ್ತಿತ್ತು. ಹಳ್ಳವೇ ಗಡಿ, ಹಾಗಾಗಿ ಹೊಲ ಈಗ ನಮ್ಮ ಊರಿನದು ಎಂದ ಜಾಲಿಗಟ್ಟಿಯ ನಿಜಗುಣಪ್ಪ ಗೌಡ. ಎರಡೂ ಕಚೇರಿಗಳ ಕಾರಕೂನರು ಬಂದು ನಕ್ಷೆ ಹಾಸಿ, ಮಡಚಿಕೊಂಡು ಹೋದರು. ಕೊನೆಗೆ ಊರವರು ಹಳೆಯ ರೂಢಿಗೇ ಇಳಿದರು. ತಳವಾರ ಗಡಿ ನಡೆಯಲಿ.

ಗಡಿ ನಡೆಯುವವನು ಮಿಂದು, ಒದ್ದೆ ಬಟ್ಟೆಯಲ್ಲೇ, ಹೊಲದ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನ ಹೆಜ್ಜೆ ಬಿದ್ದಲ್ಲಿ ಕಲ್ಲು ನೆಡುತ್ತಾರೆ. ಆಮೇಲೆ ಮೂರು ಅಮಾವಾಸ್ಯೆ ಕಾಯುತ್ತಾರೆ. ಅಷ್ಟರೊಳಗೆ ಅವನ ಮನೆಯಲ್ಲಿ ಸಾವಾದರೆ ನಡಿಗೆ ಸುಳ್ಳು, ಹೊಲ ಎದುರಿನವರದು. ಸಾವಾಗದಿದ್ದರೆ ಗೌಡರಿಬ್ಬರೂ ಎಲೆ ಅಡಿಕೆ ಬದಲಿಸಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು.

ಲಗಮಪ್ಪನಿಗೆ ಹಳೆಯ ಗಡಿ ಕಣ್ಣು ಕಟ್ಟಿ ಬಿಟ್ಟರೂ ಗೊತ್ತಿತ್ತು. ಆದರೆ ಹಿಂದಿನ ದಿನ ಗೌಡ ಅವನನ್ನು ವಾಡೆಗೆ ಕರೆಸಿದ್ದ. ಮರುದಿನ ಲಗಮಪ್ಪ ಹೆಂಟೆ ಹೊತ್ತು, ಎರಡೂ ಊರು ನೋಡುತ್ತಿದ್ದಂತೆ, ಹೊಸ ಪಾತ್ರದ ದಂಡೆಗುಂಟ ನಡೆದ.

ಮೊದಲ ಅಮಾವಾಸ್ಯೆ ಕಳೆದ ಹನ್ನೊಂದನೆಯ ದಿನ ಐದು ವರ್ಷದ ಮಗಳು ಕೃಷ್ಣವ್ವ ಜ್ವರದಲ್ಲಿ ತೀರಿಕೊಂಡಳು. ಬೆಳಗಿನ ಹೊತ್ತು. ಬೆಲ್ಲದ ನೀರು ಬೇಕೆಂದಿದ್ದಳು. ಕರೆವ್ವ ತರುವಷ್ಟರಲ್ಲಿ ಕತ್ತು ವಾಲಿತ್ತು. ತಾಯಿಯ ಗಂಟಲಿನಿಂದ ಕೂಗು ಏಳುವ ಮೊದಲೇ ಲಗಮಪ್ಪನ ಅಂಗೈ ಅವಳ ಬಾಯಿಯ ಮೇಲೆ ಬಿತ್ತು. ಅವಳು ಕಚ್ಚಿದಳು. ರಕ್ತ ಬಂತು. ಅವನು ಕೈ ತೆಗೆಯಲಿಲ್ಲ. ಪರಸಪ್ಪ ಆಗ ದನ ಬಿಡಲು ಅಡವಿಗೆ ಹೋಗಿದ್ದ.

ಗೌಡ ತಾನೇ ಬಂದ. ಕೊಟ್ಟಿಗೆಯ ಮೂಲೆಯಲ್ಲಿ ಲಗಮಪ್ಪನ ಕೈಯಿಂದಲೇ ಕುಣಿ ತೋಡಿಸಿದ. ಎರಡಾಳು ಉದ್ದದ ಕೊಟ್ಟಿಗೆ, ಎಮ್ಮೆ ಕಟ್ಟುವ ಗೂಟದ ಪಕ್ಕಕ್ಕೆ. ಮಗು ಸುರೇಬಾನದ ಅಜ್ಜಿಯ ಮನೆಗೆ ಹೋಗಿದೆ ಎಂದು ಹೇಳಬೇಕೆಂದ. ಕರೆವ್ವ ಹೇಳಿದಳು. ಬಾವಿಯ ಕಟ್ಟೆಯಲ್ಲಿ, ಸಂತೆಯಲ್ಲಿ, ಮಗುವಿನ ಜೊತೆಗಾರ್ತಿಯರಿಗೆ, ಮಗ ಪರಸಪ್ಪನಿಗೂ ಅದನ್ನೇ ಹೇಳಿದಳು. ಸುರೇಬಾನದಲ್ಲಿದ್ದ ಅವಳ ತಾಯಿಯೂ ಹೆದರಿ ಅದನ್ನು ಅಲ್ಲಗಳೆಯಲಿಲ್ಲ.

ಗಡುವು ಮುಗಿದು, ಎಲೆ ಅಡಿಕೆ ಬದಲಾಗಿ, ಹೊಲಕ್ಕೆ ಗೌಡನ ಕೂರಿಗೆ ಇಳಿದ ಮರುವಾರ, ಮಗು ಸುರೇಬಾನದಲ್ಲಿ ತೀರಿತೆಂದು ಸುದ್ದಿ ಹಬ್ಬಿಸಿದರು. ಅಂದು ಗೌಡ ಹೊಸಿಲಲ್ಲಿ ನಿಂತು, "ಈಗ ಅಳು ಬೇ, ಯಾರೂ ಬ್ಯಾಡ ಅನ್ನೂದಿಲ್ಲ," ಎಂದ.

ಕರೆವ್ವ ಅಳಲಿಲ್ಲ. ಅವತ್ತೂ ಇಲ್ಲ, ಮುಂದೆಯೂ ಇಲ್ಲ. ಗಂಡನಿಗೆ ರೊಟ್ಟಿ ಬಡಿದು ಹಾಕಿದಳು, ಕಾಲು ನೋವಿಗೆ ಎಣ್ಣೆ ತಿಕ್ಕಿದಳು, ಕಡೆಯ ಆರು ತಿಂಗಳು ಅವನ ಹೇಲು ಉಚ್ಚೆ ಬಳಿದಳು. ಎಮ್ಮೆಯನ್ನು ಮಾತ್ರ ಆ ಮೂಲೆಯಲ್ಲಿ ಕಟ್ಟಗೊಡಲಿಲ್ಲ. ಗಂಡ ಬದುಕಿರುವಾಗ ಹೆಂಡತಿಯ ಮಾತನ್ನು ಚಾವಡಿಯಲ್ಲಿ ಯಾರು ಕೇಳುತ್ತಾರೆ? ಆದರೆ ಹೆಣದ ಮುಂದೆ ಕೂತವಳ ಬಾಯಿ ಹಿಡಿಯುವ ಹಕ್ಕು ಗೌಡನಿಗೂ ಇಲ್ಲ. ಎರಡು ಊರೂ ಒಂದೇ ಅಂಗಳದಲ್ಲಿ ಕೂಡುವ ದಿನ ಅದೊಂದೇ. ಅವಳು ಅದಕ್ಕಾಗಿ ಕಾದಳು.

*

ಬಿಸಿಲೇರುವ ಹೊತ್ತಿಗೆ ಬನ್ನಿಕೊಪ್ಪದವರು ಬಂದರು. ಮುಂದೆ ಅವರ ಗೌಡ ದುಂಡಪ್ಪ, ಹಿಂದೆ ಐವತ್ತು ಜನ. ಲಗಮಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬಂದವರು ಅವನ ಮಡಿಲಿಗೆ ಹಿಡಿ ಜೋಳ ಹಾಕಿ ಕೈಮುಗಿದು ಸರಿಯುತ್ತಿದ್ದರು.

ಶಟ್ಟೆವ್ವ ಕೋಲೂರಿಕೊಂಡು ಬಂದಳು. ಹೊಲ ಹೋದ ಮೇಲೆ ಅವಳ ಇಬ್ಬರು ಮಕ್ಕಳೂ ಕಟಕೋಳದ ಕಡೆ ಕೂಲಿಗೆ ಹೋಗಿದ್ದರು. ಆದರೂ ಬಂದಿದ್ದಳು. ಹೆಣದ ಕಾಲ ಬಳಿ ಕೂತು, ದನಿ ಎಳೆದು ಹಾಡಿಕೊಂಡು ಅತ್ತಳು.

"ಖರೇ ಮನಶ್ಯಾ ಹೋದ್ಯೋ ಲಗಮಪ್ಪಾ... ನಿನ್ನ ಹೆಜ್ಜಿ ಖರೇ ಇತ್ತೋ, ನನ್ನ ನಶೀಬ ಸುಳ್ಳಿತ್ತೋ..."

ಕರೆವ್ವ ತಿರುಗಿ ಅವಳನ್ನು ನೋಡಿದಳು. ಈ ಮುದುಕಿ ಒಂಬತ್ತು ವರ್ಷ ತನ್ನ ನಸೀಬನ್ನೇ ಬಯ್ದುಕೊಂಡು ಬದುಕಿದ್ದಳು.

ಆಗ ನಿಜಗುಣಪ್ಪ ಗೌಡ ಬಂದ. ಹೊಸ ಧೋತರವನ್ನು ತಾನೇ ಹೆಣಕ್ಕೆ ಹೊದಿಸಿದ. ಪರಸಪ್ಪನ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, ಇವನೇ ನಮ್ಮ ಮುಂದಿನ ತಳವಾರ ಎಂದ. ಪರಸಪ್ಪ ತಲೆ ತಗ್ಗಿಸಿ ಅವನ ಕಾಲು ಮುಟ್ಟಿದ.

ಕರೆವ್ವ ಮಗನ ಬಾಗಿದ ಬೆನ್ನು ನೋಡಿದಳು. ನಾಳೆ ಇವನಿಗೂ ಯಾರದೋ ಹೆಂಟೆ ಹೊರಿಸುತ್ತಾರೆ. ಅವಳು ತಲೆಯ ಸೆರಗು ಜಾರಿಸಿ, ಎರಡೂ ಕೈಯಿಂದ ಎದೆ ಬಡಿದುಕೊಂಡು ಬಾಯಿ ತೆರೆದಳು. ಬಂದದ್ದು ಗಂಡನ ಹೆಸರಲ್ಲ.

"ಯವ್ವಾ ಕೃಷ್ಣವ್ವಾ... ನನ್ನ ಹಡದವ್ವಾ... ಸುರೇಬಾನಕ್ಕ ಹೋಗಲೇ ಇಲ್ಲಲ್ಲೇ ನೀ... ಕೊಟಿಗ್ಯಾಗ ಮಲಗಿದಿ... ಮೊದಲನೇ ಅಮಾಸಿ ಮುಗಿದು ಹನ್ನೊಂದು ದಿನಕ್ಕ ಹೋದ್ಯಲ್ಲೇ... ಅಳಾಕ ಬಿಡಲಿಲ್ಲ ನಿಮ್ಮಪ್ಪ, ಕುಣಿ ತೋಡಿಸಿದ ಗೌಡ..."

ಹಲಗೆ ಬಡಿಯುತ್ತಿದ್ದವರ ಕೈ ನಿಂತಿತು. ಅವಳ ದನಿ ನಿಲ್ಲಲಿಲ್ಲ. ಒಂಬತ್ತು ವರ್ಷದ ಅಳು, ದಿನ ದಿನದ ಲೆಕ್ಕ ಹೇಳಿಕೊಂಡು ಹೊರಬಂತು. ಬೆಲ್ಲದ ನೀರು ಬಂತು, ಕಚ್ಚಿದ ಅಂಗೈ ಬಂತು.

ಗೌಡ ಎರಡು ಹೆಜ್ಜೆ ಮುಂದೆ ಬಂದ. "ದುಃಖದಾಗ ತೆಲಿ ಕೆಟ್ಟೈತಿ ಆಕಿದು. ಒಳಗ ಕರಕೊಂಡು ಹೋಗ್ರಿ."

ಯಾವ ಹೆಂಗಸೂ ಏಳಲಿಲ್ಲ.

ಪರಸಪ್ಪ ತಾಯಿಯ ಎದುರಿಗೆ ಕುಕ್ಕರಿಸಿದ. "ಯವ್ವಾ, ನಾ ಅಕಿಗಂತ ಸುರೇಬಾನಕ್ಕ ಗೊಂಬಿ ಕಳಿಸಿದ್ನಿ. ನೀನ ಇಸಗೊಂಡಿ."

"ಅದನ್ನೂ ಅಲ್ಲೇ ಇಟ್ಟೇನಿ," ಎಂದಳು ಕರೆವ್ವ, ಅಳು ನಿಲ್ಲಿಸಿ. "ಗೂಟದ ಮಗ್ಗಲಕ. ಅಗದು ನೋಡು."

ದುಂಡಪ್ಪ ಗೌಡ ನಿಧಾನವಾಗಿ ಎದ್ದ. ಅಮಾವಾಸ್ಯೆಯ ದಿನಗಳನ್ನು ಬೆರಳ ಗಣ್ಣುಗಳ ಮೇಲೆ ಎಣಿಸಿ, ತನ್ನ ಊರಿನವರ ಕಡೆ ತಿರುಗಿ, ಗುದ್ದಲಿ ಯಾರ ಕೈಯಲ್ಲಿದೆ ಎಂದು ಕೇಳಿದ. ಕುಣಿ ತೋಡುವವರ ಗುದ್ದಲಿ ಅಂಗಳದಲ್ಲೇ ಇತ್ತು. ಪರಸಪ್ಪ ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ನಿಜಗುಣಪ್ಪ ಗೌಡ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ. ಪರಸಪ್ಪ ಅವನ ಮುಖ ನೋಡಲೂ ಇಲ್ಲ, ಎದೆಯಿಂದ ತಳ್ಳಿಕೊಂಡೇ ಒಳಗೆ ಹೋದ.

"ಮಗಾ, ತಳವಾರಿಕಿ ಹೋಗತೈತಿ," ಎಂದ ಗೌಡ ಹಿಂದಿನಿಂದ.

"ಹೋಗಲಿ ಬಿಡ್ರಿ," ಎಂದಳು ಕರೆವ್ವ. "ನಿಮ್ಮ ಹೊಲಾನೂ ಹೊಂಟೈತಿ."

ಶಟ್ಟೆವ್ವ ಕೋಲು ಅಲ್ಲೇ ಬಿಟ್ಟು ಕರೆವ್ವನ ಕೈ ಹಿಡಿದಳು. ಇಬ್ಬರೂ ಒಬ್ಬರಿಗೊಬ್ಬರು ಆನಿಕೊಂಡು ಕೊಟ್ಟಿಗೆಗೆ ನಡೆದರು. ಹಿಂದೆ ಹೆಂಗಸರು, ಅವರ ಹಿಂದೆ ಎರಡೂ ಊರಿನ ಗಂಡಸರು, ಕೊನೆಗೆ ಹಲಗೆಯವರು. ಒಳಗೆ ಗುದ್ದಲಿ ನೆಲಕ್ಕೆ ಬೀಳುವ ಸದ್ದು, ಆಮೇಲೆ ಅದೂ ನಿಂತು, ಕೈಯಿಂದ ಮಣ್ಣು ಸರಿಸುವ ಸದ್ದು.

ಅಂಗಳದಲ್ಲಿ ಲಗಮಪ್ಪ ಒಬ್ಬನೇ ಗೋಡೆಗೆ ಆನಿಕೊಂಡು ಕೂತಿದ್ದ. ನೆರಳು ಸರಿದು ಬಿಸಿಲು ಅವನ ಮುಖಕ್ಕೆ ಬಂದಿತ್ತು. ಓಡಿಸುವವರು ಯಾರೂ ಇಲ್ಲದ್ದನ್ನು ನೋಡಿ ಒಂದು ಹೇಂಟೆ ಕೋಳಿ ಮರಿಗಳೊಂದಿಗೆ ಬಂದು, ಧೋತರದ ಮೇಲೆ ಹತ್ತಿ, ಅವನ ಮಡಿಲ ಜೋಳವನ್ನು ಹೆಕ್ಕತೊಡಗಿತು.